ನಮ್ಮ ಮೋಟರ್‌ಹೋಮ್ ರಜೆಗೆ ಹೋಗುವವರಿಗೆ ಬಾಡಿಗೆಗೆ ಕೊಡಬೇಕು ಅಂತಿದ್ದೇವೆ, ಕೊಟ್ಟು ಗೊತ್ತಿರುವವರು ಹೇಳಿ

ಗಾಲಿಮನೆ

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವ ವಿಷಯ ಇದು.

ನಾವು ಗಂಡ ಹೆಂಡತಿ, ಇಬ್ಬರು ಮಕ್ಕಳು. ಮೂರು ವರ್ಷದ ಹಿಂದೆ ಸಾಲ ಮಾಡಿ ಮೋಟರ್‌ಹೋಮ್ ತೆಗೆದುಕೊಂಡೆವು. ನಾಲ್ಕು ಜನ ಮಲಗಬಹುದು. ಸಣ್ಣ ಅಡುಗೆಮನೆ, ಟಾಯ್ಲೆಟ್, ಶವರ್ ಎಲ್ಲಾ ಇದೆ. ಆದರೆ ವರ್ಷಕ್ಕೆ ಹೆಚ್ಚೆಂದರೆ ಐದು ವಾರ ಓಡಿಸುತ್ತೇವೆ. ಉಳಿದ 47 ವಾರ ಕವರ್ ಹೊದ್ದು ನಿಂತಿರುತ್ತದೆ. ಗಾಡಿ ನಿಂತಿದೆ ಅಂತ ಸಾಲದ ಕಂತು ನಿಲ್ಲುವುದಿಲ್ಲ, ವಿಮೆ ನಿಲ್ಲುವುದಿಲ್ಲ, ನಿಲ್ಲಿಸಿದ ಜಾಗದ ಬಾಡಿಗೆಯೂ ನಿಲ್ಲುವುದಿಲ್ಲ.

ಹಾಗಾಗಿ ಬಾಡಿಗೆಗೆ ಕೊಡೋಣ ಅಂತ ನನ್ನ ಆಸೆ. ಹೆಂಡತಿಗೆ ಮನಸ್ಸಿಲ್ಲ. ಅವಳು ಹೇಳುವುದರಲ್ಲೂ ತಪ್ಪಿಲ್ಲ. ಬಟ್ಟೆ ಕಪಾಟಿನ ಬಾಗಿಲಿನ ಒಳಗಡೆ ಪ್ರತಿ ಪ್ರವಾಸದಲ್ಲೂ ಮಕ್ಕಳನ್ನು ನಿಲ್ಲಿಸಿ ಪೆನ್ಸಿಲ್‌ನಲ್ಲಿ ಎತ್ತರ ಗುರುತು ಹಾಕಿದ್ದೇವೆ, ಪಕ್ಕದಲ್ಲಿ ತಾರೀಖು ಬರೆದು. "ಯಾರೋ ಬಂದು ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟರೆ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊಡುವುದು ಸರಿಯಾ? ಎಲ್ಲಿಂದ ಶುರು ಮಾಡಬೇಕು?

ಎರಡು ಗಾಡಿ

ನಮಸ್ಕಾರ ಸರ್. ಆರು ವರ್ಷದಿಂದ ಕೊಡುತ್ತಿದ್ದೇನೆ. ಮೊದಲು ನಮ್ಮದೇ ಒಂದು ಗಾಡಿ ಇತ್ತು, ಆಮೇಲೆ ಬಾಡಿಗೆಗೆ ಅಂತಲೇ ಇನ್ನೊಂದು ಕೊಂಡೆ.

ಮೊದಲು ಆ ಬಾಗಿಲಿನ ವಿಷಯ. ಕಪಾಟಿನ ಬಾಗಿಲು ಕಳಚಿ ಮನೆಯಲ್ಲಿ ಇಡಿ. ಅದೇ ಅಳತೆಗೆ ಪ್ಲೈವುಡ್‌ನ ಇನ್ನೊಂದು ಬಾಗಿಲು ಮಾಡಿಸಿ ಅದೇ ಕೀಲುಗಳಿಗೆ ಕೂರಿಸಿ. ನೀವು ಹೊರಟಾಗ ನಿಮ್ಮ ಬಾಗಿಲು, ಬೇರೆಯವರು ಹೊರಟಾಗ ಆ ಬಾಗಿಲು. ನಾಲ್ಕು ಸ್ಕ್ರೂ ಕೆಲಸ. ಸುಮ್ನೆ ಹೇಳುತ್ತಿಲ್ಲ, ನಾವೂ ಹೀಗೇ ಮಾಡುತ್ತೇವೆ. ಮನಸ್ಸಿಗೆ ಹತ್ತಿರವಾದ ಒಂದು ವಸ್ತುವೂ ಗಾಡಿಯಲ್ಲಿ ಇರಬಾರದು. ಅಜ್ಜಿ ಹೊಲಿದ ಕೌದಿ, ಮಕ್ಕಳ ಚಿತ್ರ, ಇಷ್ಟದ ಲೋಟ, ಎಲ್ಲಾ ಕೆಳಗಿಳಿಸಿ. ಆಮೇಲೆ ಒಂದು ಗೀರು ಬಿದ್ದರೆ ಅದು ಬರೀ ಗೀರು. ರಿಪೇರಿ ಮಾಡಿಸಿದರೆ ಮುಗಿಯಿತು.

ಇನ್ನು ಮುಖ್ಯವಾದದ್ದು. ಕಾರು ಬಾಡಿಗೆಗೆ ಕೊಟ್ಟರೆ ಕೀ ಕೊಟ್ಟು ಕಳಿಸಬಹುದು. ಇದು ಹಾಗಲ್ಲ. ನೀರು, ಕರೆಂಟು, ಗ್ಯಾಸು, ಕಕ್ಕಸು ಎಲ್ಲಾ ಇರುವ ಒಂದು ಮನೆಯನ್ನು, ಆ ಮನೆಯಲ್ಲಿ ಒಂದು ರಾತ್ರಿಯೂ ಕಳೆಯದವರ ಕೈಗೆ ಕೊಡುತ್ತಿದ್ದೀರಿ. ಅವರು ಅದನ್ನು ಓಡಿಸಲೂ ಬೇಕು. ಆರು ವರ್ಷದಲ್ಲಿ ನನಗೆ ಆದ ನಷ್ಟದಲ್ಲಿ ಕೆಟ್ಟ ಮನಸ್ಸಿನವರಿಂದ ಆದದ್ದು ತುಂಬಾ ಕಡಿಮೆ. ನಾನು ಹೇಳಿಕೊಡದೆ ಬಿಟ್ಟದ್ದರಿಂದ ಆದದ್ದೇ ಜಾಸ್ತಿ. ಹಾಗಾಗಿ ಗಾಡಿ ಒಪ್ಪಿಸುವ ಹೊತ್ತಿನಲ್ಲಿ ಅವಸರ ಮಾಡಿದರೆ ಇಡೀ ವಾರ ಫೋನು ಬಿಡುವುದಿಲ್ಲ.

ಹಣದ ಬಗ್ಗೆ ಒಂದೇ ಮಾತು. ಎಲ್ಲರಿಗೂ ಗಾಡಿ ಬೇಕಾಗುವುದು ಶಾಲೆಗೆ ರಜೆ ಇರುವಾಗ. ನಿಮಗೂ ಆಗಲೇ ಬೇಕು. ನಿಮ್ಮ ವಾರಗಳನ್ನು ವರ್ಷದ ಶುರುವಿನಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಮುಚ್ಚಿಬಿಡಿ. ಇಲ್ಲದಿದ್ದರೆ ಮಕ್ಕಳ ರಜೆಯಲ್ಲಿ ನಿಮ್ಮ ಗಾಡಿ ಬೇರೆಯವರನ್ನು ಹತ್ತಿಸಿಕೊಂಡು ಹೋಗಿರುತ್ತದೆ. ನಮ್ಮ ಮನೆಯಲ್ಲಿ ಎರಡನೇ ವರ್ಷ ಇದೇ ಆಯಿತು. ಮಗಳ ಮುಖ ಇನ್ನೂ ಕಣ್ಣ ಮುಂದಿದೆ.

ವಿಮೆ ಮೇಜು

ಬಾಗಿಲು, ಕೌದಿ ಆಮೇಲೆ. ಮೊದಲು ಪಾಲಿಸಿ ತೆಗೆದು ಓದಿ.

ವಿಮೆ ಕ್ಲೈಮು ನೋಡುವ ಕೆಲಸದಲ್ಲಿ ಬಹಳ ವರ್ಷ ಇದ್ದೆ. ಸ್ವಂತ ಬಳಕೆಗೆ ಅಂತ ತೆಗೆದುಕೊಂಡ ವಾಹನ ವಿಮೆಯಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ದುಡ್ಡು ತೆಗೆದುಕೊಂಡು ಬೇರೆಯವರಿಗೆ ಕೊಟ್ಟಾಗ ಆದ ನಷ್ಟಕ್ಕೆ ಈ ಪಾಲಿಸಿ ಅನ್ವಯಿಸುವುದಿಲ್ಲ ಅಂತ. ಆ ಸಾಲು ಇದ್ದರೆ, ಬಾಡಿಗೆಗೆ ಹೋದಾಗ ಗಾಡಿ ಯಾರಿಗಾದರೂ ಗುದ್ದಿದರೆ ನೀವು ಬರಿಗೈಯಲ್ಲಿ ನಿಂತಿರುತ್ತೀರಿ. ಗಾಡಿ ಹೋಗುವುದು ಒಂದು ಕಡೆ. ಎದುರಿನವರಿಗೆ ಪೆಟ್ಟಾದರೆ ಅದರ ಹೊಣೆ ಮನೆ ಮಾರಿದರೂ ತೀರದಷ್ಟು ಬರಬಹುದು. "ಗೆಳೆಯನಿಗೆ ಕೊಟ್ಟಿದ್ದೆ" ಅಂತ ಹೇಳಿದರಾಯಿತು ಅಂದುಕೊಳ್ಳುವವರು ಇದ್ದಾರೆ. ದಯವಿಟ್ಟು ಬೇಡ. ಹಣ ಬಂದ ಗುರುತು ಬ್ಯಾಂಕ್ ಖಾತೆಯಲ್ಲಿ ಇರುತ್ತದೆ. ಸುಳ್ಳು ಸಿಕ್ಕಿಬಿದ್ದರೆ ಇಡೀ ಪಾಲಿಸಿಯೇ ರದ್ದಾಗಬಹುದು.

ಬಾಡಿಗೆಗೆ ಅಂತಲೇ ಇರುವ ವಿಮೆ ಬೇಕು. ಮೋಟರ್‌ಹೋಮ್ ಬಾಡಿಗೆಗೆ ಕೊಡಿಸುವ ಆ್ಯಪ್‌ಗಳಲ್ಲಿ ಹಲವು ತಮ್ಮದೇ ವಿಮೆ ಸೇರಿಸಿ ಕೊಡುತ್ತವೆ. ಆದರೆ ಏನೇನು ಸೇರಿದೆ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ಹಾಗಾಗಿ ಕೇಳಿ. ಫೋನಿನಲ್ಲಿ ಬೇಡ, ಬರಹದಲ್ಲಿ ಕೇಳಿ. ಬಾಡಿಗೆದಾರ ಗಾಡಿ ವಾಪಸ್ ತರದೆ ಹೋದರೆ ಅದು ಕಳವು ಅಂತ ಲೆಕ್ಕವಾ? ಇದು ಬಹಳ ಜನಕ್ಕೆ ಗೊತ್ತಿಲ್ಲ. ಕೀಲಿಕೈ ನೀವೇ ಕೈಯಾರೆ ಕೊಟ್ಟಿದ್ದೀರಿ, ಹಾಗಾಗಿ ಇದು ಕಳವಲ್ಲ ಅಂತ ಹೇಳುವ ಪಾಲಿಸಿಗಳಿವೆ. ಹೇಳಿದ ದಿನಕ್ಕಿಂತ ಒಂದು ದಿನ ತಡವಾಗಿ ಬಂದರೆ ಆ ದಿನ ರಕ್ಷಣೆ ಉಂಟಾ? ಒಳಗಿನ ಫ್ರಿಜ್ಜು, ಹಾಸಿಗೆ, ಕಪಾಟು ಸೇರಿದೆಯಾ, ಇಲ್ಲ ಬರೀ ಗಾಡಿಯಾ? ಚಾವಣಿ ಮತ್ತು ಕೆಳಭಾಗ ಸೇರಿದೆಯಾ? ನಿಮ್ಮ ಕೈಯಿಂದ ಮೊದಲು ಎಷ್ಟು ಕಟ್ಟಬೇಕು?

ಇನ್ನೊಂದು. ಸಾಲ ಇದೆ ಅಂದಿರಿ. ಸಾಲದ ಕರಾರಿನಲ್ಲೂ ಬಾಡಿಗೆಗೆ ಕೊಡಬಾರದು ಅನ್ನುವ ಷರತ್ತು ಇರಬಹುದು. ಅದನ್ನೂ ನೋಡಿ. ಬಂದ ಹಣಕ್ಕೆ ತೆರಿಗೆಯೂ ಇರುತ್ತದೆ. ಮೊದಲ ದಿನದಿಂದಲೇ ಖರ್ಚಿನ ಚೀಟಿಗಳನ್ನೆಲ್ಲಾ ಒಂದು ಡಬ್ಬಿಗೆ ಹಾಕುತ್ತಾ ಬನ್ನಿ.

ಗಾಲಿಮನೆ

ವಿಮೆ ಮೇಜು ಸರ್, ಇವತ್ತು ಬೆಳಿಗ್ಗೆ ಕೂತು ಓದಿದೆ. ನೀವು ಹೇಳಿದ ಸಾಲು ಹನ್ನೊಂದನೇ ಪುಟದಲ್ಲಿ ಇದೆ. ಮೂರು ವರ್ಷದಿಂದ ಆ ಪುಟವನ್ನೇ ತಿರುವಿ ನೋಡಿರಲಿಲ್ಲ. ಸಾಲದ ಕರಾರಿನಲ್ಲಿ "ಲಿಖಿತ ಒಪ್ಪಿಗೆ ಬೇಕು" ಅಂತಿದೆ. ಎರಡು ಕಡೆಗೂ ಪತ್ರ ಬರೆದಿದ್ದೇನೆ. ಇಲ್ಲಿ ಕೇಳದೆ ಕೊಟ್ಟಿದ್ದರೆ ಏನಾಗುತ್ತಿತ್ತು ಅಂತ ನೆನೆಸಿಕೊಂಡರೆ ಎದೆ ಧಸಕ್ ಅನ್ನುತ್ತದೆ.

ಗ್ರೀಸ್ ಕೈ

ನಾನು ಮೆಕ್ಯಾನಿಕ್. ಬಾಡಿಗೆಗೆ ಹೋಗಿ ಬಂದ ಗಾಡಿಗಳು ನನ್ನ ಹತ್ತಿರ ರಿಪೇರಿಗೆ ಬರುತ್ತವೆ. ಕಣ್ಣಾರೆ ಕಂಡದ್ದು ಹೇಳುತ್ತೇನೆ.

ಒಂದು ಸಲ ಒಂದು ಗಾಡಿ ಎಳೆದುಕೊಂಡು ಬಂದರು. ಸಿಂಕಿನ ನಲ್ಲಿ ತಿರುಗಿಸಿದರೆ ಡೀಸೆಲ್ ವಾಸನೆ. ಬಾಡಿಗೆದಾರ ಬಂಕಿನಲ್ಲಿ ಕುಡಿಯುವ ನೀರಿನ ಟ್ಯಾಂಕಿಗೆ ಡೀಸೆಲ್ ಹಾಕಿದ್ದ. ಪಾಪ, ಅವನದ್ದೇನು ತಪ್ಪು? ಎರಡು ಮುಚ್ಚಳವೂ ಒಂದೇ ಬದಿಯಲ್ಲಿ, ಒಂದೇ ಬಣ್ಣ, ಒಂದೇ ಗಾತ್ರ. ಟ್ಯಾಂಕ್, ಪೈಪು, ಪಂಪು, ಗೀಸರ್ ಎಲ್ಲಾ ಬಿಚ್ಚಬೇಕಾಯಿತು. ಎಷ್ಟು ತೊಳೆದರೂ ಪ್ಲಾಸ್ಟಿಕ್‌ನಿಂದ ವಾಸನೆ ಹೋಗಲಿಲ್ಲ. ಕೊನೆಗೆ ಟ್ಯಾಂಕನ್ನೇ ಬದಲಾಯಿಸಿದೆವು. ಮುಚ್ಚಳದ ಮೇಲೆ "ನೀರು ಮಾತ್ರ" ಅಂತ ದೊಡ್ಡ ಅಕ್ಷರದ ಒಂದು ಚೀಟಿ ಅಂಟಿಸಿದ್ದರೆ ಇದೆಲ್ಲ ಆಗುತ್ತಿರಲಿಲ್ಲ.

ಆ್ಯಡ್‌ಬ್ಲೂ ಇರುವ ಡೀಸೆಲ್ ಗಾಡಿಯಾದರೆ ಇನ್ನೂ ಹುಷಾರು. ಅದು ಶೇ. 32.5 ಯೂರಿಯಾ, ಉಳಿದದ್ದು ನೀರು. ಹೊಗೆ ಶುದ್ಧ ಮಾಡಲು ಬೇರೆ ಟ್ಯಾಂಕಿಗೆ ಹಾಕುವುದು. ಅದನ್ನು ಡೀಸೆಲ್ ಟ್ಯಾಂಕಿಗೆ ಸುರಿದು ಎಂಜಿನ್ ಸ್ಟಾರ್ಟ್ ಮಾಡಿದರೆ ಪಂಪು, ಇಂಜೆಕ್ಟರ್ ಎಲ್ಲಾ ಹೋಗುತ್ತದೆ. ತಪ್ಪಿ ಹಾಕಿದ್ದರೆ ಕೀ ತಿರುಗಿಸಲೇಬಾರದು, ಅಲ್ಲೇ ನಿಲ್ಲಿಸಿ ಫೋನು ಮಾಡಬೇಕು. ಇದನ್ನು ಬಾಡಿಗೆದಾರರಿಗೆ ಬಾಯಿಬಿಟ್ಟು ಹೇಳಿ. "ತಪ್ಪಾದರೆ ಬೈಯುವುದಿಲ್ಲ, ಫೋನು ಮಾಡಿ" ಅನ್ನುವುದನ್ನೂ ಸೇರಿಸಿ. ಹೆದರಿದವರೇ ಮುಚ್ಚಿಟ್ಟು ಸ್ಟಾರ್ಟ್ ಮಾಡುವುದು.

ಟೈರ್. ಮೋಟರ್‌ಹೋಮಿನ ಟೈರ್ ಸವೆಯುವ ಮೊದಲೇ ಮುದಿಯಾಗುತ್ತದೆ, ಯಾಕೆಂದರೆ ನಿಂತೇ ಇರುತ್ತದೆ. ಪಕ್ಕದ ಗೋಡೆಯಲ್ಲಿ ನಾಲ್ಕು ಅಂಕಿ ಹುಡುಕಿ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಟೈರ್ ಮೇಲಿನ ಕಚ್ಚು (ಗ್ರಿಪ್) ಎಷ್ಟೇ ಆಳ ಇರಲಿ, ಆರೇಳು ವರ್ಷ ಆದ ಟೈರ್ ಹಾಕಿ ಬೇರೆಯವರ ಮಕ್ಕಳನ್ನು ಕಳಿಸಬೇಡಿ.

ತೂಕ. ಇದು ಯಾರೂ ನೋಡದ ವಿಷಯ. ಗಾಡಿಯ ಒಟ್ಟು ಮಿತಿ 3,500 ಕೆ.ಜಿ. ಇದೆ ಅನ್ನಿ. ಯುರೋಪಿನಲ್ಲಿ ಬಹಳ ಗಾಡಿಗಳು ಈ ಮಿತಿಯವೇ, ಸಾಮಾನ್ಯ ಕಾರಿನ ಲೈಸೆನ್ಸಿನಲ್ಲಿ ಓಡಿಸಲಿ ಅಂತ. ಖಾಲಿ ಗಾಡಿಯೇ 3,050 ಇದ್ದರೆ ಉಳಿಯುವುದು 450. ನಾಲ್ಕು ಜನಕ್ಕೆ 280 ಹಿಡಿಯಿರಿ. ಒಂದು ಲೀಟರ್ ನೀರು ಒಂದು ಕೆ.ಜಿ., ನೂರು ಲೀಟರ್ ಟ್ಯಾಂಕ್ ತುಂಬಿಸಿದರೆ ನೂರು ಕೆ.ಜಿ. ಉಳಿದದ್ದು ಬರೀ 70. ಅದರಲ್ಲೇ ಬಟ್ಟೆ, ಪಾತ್ರೆ, ಸೈಕಲ್, ಕುರ್ಚಿ, ಗ್ಯಾಸ್ ಸಿಲಿಂಡರ್ ಎಲ್ಲಾ ಆಗಬೇಕು. ಆಗುತ್ತಾ? ನೀರು ಅರ್ಧ ತುಂಬಿಸಿ ಕಳಿಸಿ, ಹೋದಲ್ಲಿ ತುಂಬಿಸಿಕೊಳ್ಳಲಿ. ಅವರ ಲೈಸೆನ್ಸ್ ನಿಮ್ಮ ಗಾಡಿಯ ತೂಕಕ್ಕೆ ನಡೆಯುತ್ತದಾ ಅನ್ನುವುದನ್ನೂ ನೋಡಿ. ಓಡಿಸುವ ಪ್ರತಿಯೊಬ್ಬರದ್ದೂ ನೋಡಬೇಕು.

ಗ್ಯಾಸ್. ವರ್ಷಕ್ಕೊಮ್ಮೆ ಗೊತ್ತಿರುವವರಿಂದ ಲೀಕ್ ಪರೀಕ್ಷೆ ಮಾಡಿಸಿ, ಕಾಗದ ಇಟ್ಟುಕೊಳ್ಳಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿಯುತ್ತದೆ. ಅದಕ್ಕೇ ನೆಲದಲ್ಲಿ ತೂತು ಬಿಟ್ಟಿರುತ್ತಾರೆ, ಗ್ಯಾಸ್ ಅಲಾರಂ ಕೆಳಗೆ ಇರುತ್ತದೆ. ಚಳಿ ಅಂತ ಆ ತೂತಿಗೆ ಬಟ್ಟೆ ತುರುಕುವವರನ್ನು ನೋಡಿದ್ದೇನೆ. ಕಾರ್ಬನ್ ಮಾನಾಕ್ಸೈಡ್ (ಗ್ಯಾಸ್ ಸರಿಯಾಗಿ ಉರಿಯದಾಗ ಹುಟ್ಟುವ ವಿಷಾನಿಲ) ಅಲಾರಂ ಬೇರೆಯೇ ಇರಬೇಕು. ಆ ಅನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳುವುದೇ ಇಲ್ಲ. ಪ್ರತಿ ಸಲ ಗಾಡಿ ಒಪ್ಪಿಸುವಾಗ ಎರಡು ಅಲಾರಂನ ಬಟನ್ನೂ ಅವರ ಕೈಯಲ್ಲೇ ಒತ್ತಿಸಿ.

ಬಾಡಿಗೆಗೆ ಹೋದವಳು

ನಾನು ಮಾಲೀಕಳಲ್ಲ. ಬಾಡಿಗೆಗೆ ತೆಗೆದುಕೊಂಡು ಹೋದವಳು. ನಮ್ಮ ಕಡೆಯ ಮಾತೂ ಇಲ್ಲಿರಲಿ.

ಹೋದ ವರ್ಷ ನಾವು, ಅತ್ತೆ ಮಾವ, ಎರಡು ವರ್ಷದ ಮಗು. ಮಾಲೀಕರು ಹತ್ತು ನಿಮಿಷದಲ್ಲಿ ಎಲ್ಲಾ ತೋರಿಸಿ, ಒಂದು ದಪ್ಪ ಫೈಲು ಕೈಗಿಟ್ಟು ಹೋದರು. ಫೈಲಿನಲ್ಲಿ ಫ್ರಿಜ್ಜಿನ ಕಂಪನಿಯ ಪುಸ್ತಕ, ಹೀಟರ್ ಕಂಪನಿಯ ಪುಸ್ತಕ, ಎಲ್ಲಾ ಇತ್ತು. ನಮಗೆ ಬೇಕಾದದ್ದು ಮಾತ್ರ ಇರಲಿಲ್ಲ.

ಎರಡನೇ ರಾತ್ರಿ ಎರಡು ಗಂಟೆಗೆ ನೆಲದ ಹತ್ತಿರ ಏನೋ ಕೀಂ ಕೀಂ ಅಂತ ಶುರುವಾಯಿತು. ಗ್ಯಾಸ್ ಅಲಾರಂ. ಮಗುವನ್ನು ಹೊದಿಕೆ ಸಮೇತ ಎತ್ತಿಕೊಂಡು, ಅತ್ತೆಯನ್ನು ಕೈ ಹಿಡಿದು ಇಳಿಸಿ, ಎಲ್ಲರೂ ಹೊರಗೆ ಕತ್ತಲೆಯಲ್ಲಿ ನಿಂತೆವು. ಮಾವನಿಗೆ ಚಪ್ಪಲಿಯೂ ಸಿಗಲಿಲ್ಲ. ಮಾಲೀಕರಿಗೆ ಫೋನು ಮಾಡಿದರೆ ಎತ್ತಲಿಲ್ಲ. ಬೆಳಿಗ್ಗೆ ಎತ್ತಿದಾಗ "ಬ್ಯಾಟರಿ ಇಳಿದರೆ ಅದು ಹಾಗೆ ಕೂಗುತ್ತದೆ, ಅಷ್ಟೂ ಗೊತ್ತಾಗಲ್ವಾ?" ಅಂದರು. ನಿಜವಾಗಲೂ ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ.

ಗಾಲಿಮನೆ ಸರ್, ದಯವಿಟ್ಟು ಒಂದೇ ಒಂದು ಹಾಳೆ ಬರೆದು ಬಾಗಿಲ ಹಿಂದೆ ಅಂಟಿಸಿ. ಯಾವ ಸದ್ದು ಬಂದರೆ ಏನು ಮಾಡಬೇಕು, ಯಾವುದಕ್ಕೆ ತಕ್ಷಣ ಹೊರಗೆ ಓಡಬೇಕು, ಯಾವುದಕ್ಕೆ ಬೇಡ. ರಾತ್ರಿ ಫೋನು ಎತ್ತುವ ಒಂದು ನಂಬರ್. ನಾವು ರಜೆಗೆ ಅಂತ ವರ್ಷವಿಡೀ ಕೂಡಿಟ್ಟ ಹಣ ಕೊಟ್ಟಿರುತ್ತೇವೆ. ನಿಮ್ಮ ಗಾಡಿ ಹಾಳು ಮಾಡಲು ಬಂದವರಲ್ಲ.

ಗ್ರೀಸ್ ಕೈ

ಅಕ್ಕ, ನೀವು ಹೊರಗೆ ಓಡಿದ್ದೇ ಸರಿ. ಕೂಗಿದ್ದು ಬ್ಯಾಟರಿಯೋ ಗ್ಯಾಸೋ ಅಂತ ಮಲಗಿದವರು ನಿದ್ದೆಗಣ್ಣಲ್ಲಿ ಕಂಡುಹಿಡಿಯಬೇಕಾಗಿಲ್ಲ. ಗ್ಯಾಸ್ ಅಲಾರಂ ಕೂಗಿದರೆ ಮೊದಲು ಹೊರಗೆ, ಆಮೇಲೆ ಸಿಲಿಂಡರ್ ಬಂದ್. ಹಾಳೆಯಲ್ಲಿ ಹೀಗೇ ಬರೆಯಬೇಕು.

ಎರಡು ಗಾಡಿ

ಮೇಡಂ ಬರೆದದ್ದು ಓದಿ ಬೇಜಾರಾಯಿತು. ನನ್ನ ಮೊದಲ ವರ್ಷದಲ್ಲಿ ನಾನೂ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದೆ. ಈಗ ಒಂದೂವರೆ ಗಂಟೆ ಇಟ್ಟುಕೊಳ್ಳುತ್ತೇನೆ. ಮುಂಗಡ ಕೊಡುವ ಮೊದಲೇ ಹೇಳಿಬಿಡುತ್ತೇನೆ: ಒಂದೂವರೆ ಗಂಟೆ ನಿಮ್ಮ ಸಮಯ ಬೇಕು, ಇಲ್ಲದಿದ್ದರೆ ಕೀ ಇಲ್ಲ ಅಂತ.

ಮತ್ತೆ ನಾನು ತೋರಿಸುವುದೇ ಇಲ್ಲ. ಅವರ ಕೈಯಲ್ಲಿ ಮಾಡಿಸುತ್ತೇನೆ. ನಾನು ಕೈ ಕಟ್ಟಿಕೊಂಡು ಪಕ್ಕದಲ್ಲಿ ನಿಂತಿರುತ್ತೇನೆ.

ಆನಿಂಗ್ ಅವರೇ ಬಿಚ್ಚಿ ಅವರೇ ಸುತ್ತಬೇಕು. ಆನಿಂಗ್ ಅಂದರೆ ಗಾಡಿಯ ಬದಿಯಿಂದ ಬಿಚ್ಚುವ ಬಟ್ಟೆಯ ಚಪ್ಪರ. ನನ್ನ ಗಾಡಿಗಳಲ್ಲಿ ಜಾಸ್ತಿ ಸಲ ಮುರಿದದ್ದು ಅದೇ. ಸಂಜೆ ಬಿಚ್ಚಿ ಕೂತಿರುತ್ತಾರೆ, ತಂಗಾಳಿ ಹಿತವಾಗಿರುತ್ತದೆ, ಹಾಗೇ ಬಿಟ್ಟು ಮಲಗುತ್ತಾರೆ. ರಾತ್ರಿ ಗಾಳಿ ಎದ್ದರೆ ಅದು ಹಾಯಿಯ ಹಾಗೆ ಉಬ್ಬಿ, ತೋಳು ತಿರುಚಿ, ಕೆಲವೊಮ್ಮೆ ಗೋಡೆಯ ತಗಡನ್ನೂ ಕಿತ್ತುಕೊಂಡು ಹೋಗುತ್ತದೆ. ಮಳೆ ನೀರು ನಿಂತರೂ ಅಷ್ಟೇ, ಭಾರಕ್ಕೆ ಬಾಗುತ್ತದೆ. ನನ್ನ ನಿಯಮ ಒಂದೇ: ನೀವು ಕೆಳಗೆ ಕೂತಿಲ್ಲ ಅಂದರೆ ಅದು ಸುತ್ತಿರಬೇಕು.

ಟಾಯ್ಲೆಟ್ ಬಗ್ಗೆ ಮಾತಾಡಲು ಎಲ್ಲರಿಗೂ ಮುಜುಗರ. ಅದಕ್ಕೇ ಅಲ್ಲೇ ಎಡವಟ್ಟಾಗುವುದು. ದೊಡ್ಡ ಟ್ಯಾಂಕ್ ಇರುವ ಗಾಡಿಯಲ್ಲಿ ಹೊರಗಿನ ವಾಲ್ವ್ ಯಾವಾಗಲೂ ಮುಚ್ಚಿರಬೇಕು. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿಯಾದದ್ದು ಕೆಳಗೆ ಗುಡ್ಡೆಯಾಗಿ ಒಣಗುತ್ತದೆ. ಆಮೇಲೆ ಯಾರು ತೆಗೆಯಬೇಕು? ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ ಒಮ್ಮೆಗೇ ಖಾಲಿ ಮಾಡಬೇಕು. ಮೊದಲು ಕಕ್ಕಸಿನ ಟ್ಯಾಂಕ್, ಆಮೇಲೆ ಸ್ನಾನದ ನೀರಿನ ಟ್ಯಾಂಕ್, ಆಗ ಸೋಪಿನ ನೀರು ಪೈಪನ್ನೂ ತೊಳೆಯುತ್ತದೆ. ಒದ್ದೆ ಟಿಶ್ಯೂ ಹಾಕಲೇಬಾರದು, ಅದು ಕರಗುವುದಿಲ್ಲ. ಚಿಕ್ಕ ಗಾಡಿಗಳ ಕ್ಯಾಸೆಟ್ ಟಾಯ್ಲೆಟ್ ಆದರೆ ಪೆಟ್ಟಿಗೆ ಎಳೆದು, ಮುಚ್ಚಳ ಬಿಚ್ಚಿ, ಮತ್ತೆ ಕೂರಿಸುವುದನ್ನು ಮೂರು ಸಲ ಮಾಡಿಸುತ್ತೇನೆ. ಮೊದಲ ಸಲ ನಗುತ್ತಾರೆ. ಮೂರನೇ ಸಲಕ್ಕೆ ಕಲಿತಿರುತ್ತಾರೆ.

ಆಮೇಲೆ ಖಾಲಿ ಜಾಗಕ್ಕೆ ಕರೆದುಕೊಂಡು ಹೋಗಿ ಓಡಿಸುತ್ತೇನೆ. ಹಿಂದಿನ ಚಕ್ರದಿಂದ ಆಚೆ ಗಾಡಿ ಎರಡು ಮೀಟರ್ ಚಾಚಿಕೊಂಡಿದೆ. ನೀವು ಎಡಕ್ಕೆ ತಿರುಗಿಸಿದರೆ ಬಾಲ ಬಲಕ್ಕೆ ಬೀಸುತ್ತದೆ. ಬಂಕಿನಿಂದ ಹೊರಡುವಾಗ ಕಂಬಕ್ಕೆ ಉಜ್ಜುವುದು ಹೀಗೇ. ಒಂದು ಪ್ಲಾಸ್ಟಿಕ್ ಬಕೆಟ್ ಇಟ್ಟು, ಗಾಡಿ ನಿಧಾನಕ್ಕೆ ತಿರುಗಿಸಲು ಹೇಳಿ, ಅವರ ಜೊತೆಗಿರುವವರನ್ನು ಹಿಂದೆ ನಿಲ್ಲಿಸುತ್ತೇನೆ. ಬಕೆಟ್ ಉರುಳಿದ್ದು ಕಣ್ಣಾರೆ ಕಂಡವರು ಮರೆಯುವುದಿಲ್ಲ. ಎತ್ತರ ಎಷ್ಟು ಅನ್ನುವುದನ್ನು ಸ್ಟೇರಿಂಗ್ ಎದುರಿಗೇ ಬರೆದು ಅಂಟಿಸಿ. ಮೇಲಿನ ಏಸಿ, ಆಂಟೆನಾ ಎಲ್ಲಾ ಸೇರಿಸಿ ನೀವೇ ಟೇಪ್ ಹಿಡಿದು ಅಳೆಯಿರಿ, ಪುಸ್ತಕದಲ್ಲಿರುವ ಅಂಕಿ ನಂಬಬೇಡಿ.

ಕೊನೆಗೆ ಹೊರಗೆ, ಒಳಗೆ, ಚಾವಣಿ, ಟೈರ್, ಮೀಟರ್ ಎಲ್ಲಾ ಅವರ ಎದುರೇ ವಿಡಿಯೋ. ಕಪಾಟು ಒಂದೊಂದೂ ತೆರೆದು. ಗಾಡಿ ವಾಪಸ್ ಬಂದಾಗಲೂ ಅದೇ ದಾರಿಯಲ್ಲಿ ಅದೇ ವಿಡಿಯೋ.

ಕೊಟ್ಟು ನಿಲ್ಲಿಸಿದವ

ಇಷ್ಟೆಲ್ಲ ಓದಿದ ಮೇಲೆ ನನ್ನದೂ ಹೇಳಲೇಬೇಕು. ಎರಡು ವರ್ಷ ಕೊಟ್ಟು ನಿಲ್ಲಿಸಿದೆ.

ದೊಡ್ಡ ಅಪಘಾತ ಏನೂ ಆಗಲಿಲ್ಲ. ಹಣವೂ ಬಂತು. ಆದರೆ ಶುಕ್ರವಾರ ಸಂಜೆ ಒಪ್ಪಿಸುವುದು, ಭಾನುವಾರ ರಾತ್ರಿ ವಾಪಸ್ ತೆಗೆದುಕೊಳ್ಳುವುದು, ಆಮೇಲೆ ತೊಳೆಯುವುದು. ಬಾಗಿಲು ತೆರೆದ ಕೂಡಲೇ ಗೊತ್ತಾಗುತ್ತದೆ, ಹೇಗೆ ಬಳಸಿದ್ದಾರೆ ಅಂತ. ಒಂದು ಸಲ ಒಳಗೆ ಸಿಗರೇಟು ವಾಸನೆ. "ನಾವು ಸೇದೇ ಇಲ್ಲ" ಅಂದರು. ಪರದೆ ಒಗೆಸಿದೆ, ಹಾಸಿಗೆ ಬಿಸಿಲಿಗೆ ಹಾಕಿದೆ, ಮುಂದಿನವರು ಎರಡು ದಿನದಲ್ಲಿ ಬರಬೇಕಿತ್ತು. ಅವರಿಗೆ ಆಸ್ತಮಾ ಇದ್ದ ಮಗ. ಫೋನು ಮಾಡಿ ನಿಜ ಹೇಳಿ ಹಣ ವಾಪಸ್ ಕೊಟ್ಟೆ. ಆ ಅಮ್ಮ ಫೋನಿನಲ್ಲಿ ಸುಮ್ಮನಾಗಿಬಿಟ್ಟರು. ಮಗು ಹಿಂದಿನಿಂದ "ಯಾವಾಗ ಹೊರಡೋದು" ಅಂತ ಕೇಳುತ್ತಿತ್ತು.

ಅದಾದ ಮೇಲೆ ನನಗೆ ಮನಸ್ಸು ಬರಲಿಲ್ಲ. ನಮ್ಮದೇ ಗಾಡಿಯಲ್ಲಿ ನಾವು ಮಲಗಿದರೂ ಹೋಟೆಲಿನಲ್ಲಿ ಮಲಗಿದ ಹಾಗೆ ಅನಿಸತೊಡಗಿತು. ಕೊಡಬೇಡಿ ಅಂತ ಹೇಳುತ್ತಿಲ್ಲ. ನಿಮ್ಮ ಹೆಂಡತಿಯ ಮಾತನ್ನು ಅರ್ಧಕ್ಕೆ ತಳ್ಳಬೇಡಿ ಅಂತ ಹೇಳುತ್ತಿದ್ದೇನೆ.

ಎರಡು ಗಾಡಿ

ಅಣ್ಣ, ನೀವು ಮಾಡಿದ್ದು ದೊಡ್ಡದು. ಎಷ್ಟೋ ಜನ ಸುಗಂಧ ಹೊಡೆದು ಕಳಿಸಿಬಿಡುತ್ತಾರೆ.

ಈ ಕಾರಣಕ್ಕೇ ಎರಡು ಬುಕಿಂಗ್ ನಡುವೆ ನಾನು ಎರಡು ಪೂರ್ತಿ ದಿನ ಖಾಲಿ ಬಿಡುತ್ತೇನೆ. ಒಂದು ದಿನ ತೊಳೆಯಲು, ಒಂದು ದಿನ ಏನಾದರೂ ಮುರಿದಿದ್ದರೆ ಸರಿಪಡಿಸಲು. ಕನಿಷ್ಠ ನಾಲ್ಕು ರಾತ್ರಿ ಅಂತಲೂ ಇಟ್ಟಿದ್ದೇನೆ. ಎರಡು ರಾತ್ರಿಗೆ ಕೊಟ್ಟರೂ ಒಪ್ಪಿಸುವ ಕೆಲಸ ಅಷ್ಟೇ, ತೊಳೆಯುವ ಕೆಲಸ ಅಷ್ಟೇ. ಬುಕಿಂಗ್ ಕಡಿಮೆಯಾಯಿತು, ನಿದ್ದೆ ಜಾಸ್ತಿಯಾಯಿತು.

ಗಾಲಿಮನೆ

ಕೊಟ್ಟು ನಿಲ್ಲಿಸಿದವರ ಮಾತನ್ನು ಹೆಂಡತಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ "ಆ ಬಾಗಿಲು ತೆಗೆದಿಟ್ಟರೆ ಒಂದು ಸಲ ಕೊಟ್ಟು ನೋಡೋಣ, ಬರೀ ಒಂದು ಸಲ" ಅಂದಳು.

ಎರಡು ಪ್ರಶ್ನೆ. ಠೇವಣಿ ಹಣದ ಜಗಳ ತಪ್ಪಿಸುವುದು ಹೇಗೆ? ಮತ್ತೆ ನಮ್ಮ ಗಾಡಿಯಲ್ಲಿ ಇನ್ವರ್ಟರ್ ಇದೆ, ಬಾಡಿಗೆದಾರರು ಹೇರ್ ಡ್ರೈಯರ್ ಹಾಕಬಹುದಾ ಅಂತ ಕೇಳಿದರೆ ಏನು ಹೇಳಲಿ?

ವಿಮೆ ಮೇಜು

ಠೇವಣಿ ಜಗಳ ಹುಟ್ಟುವುದು ಗಾಡಿ ವಾಪಸ್ ಬಂದಾಗ ಅಲ್ಲ, ಕರಾರು ಬರೆಯುವಾಗ. ಬಳಸಿದರೆ ಸವೆಯುವುದು ಬೇರೆ, ಹಾಳಾಗುವುದು ಬೇರೆ. ಸೀಟಿನ ಬಟ್ಟೆ ಮಾಸಿದರೆ ಅದು ಸವೆತ, ನಿಮ್ಮ ಲೆಕ್ಕ. ಸೀಟು ಸುಟ್ಟು ತೂತಾದರೆ ಅದು ಹಾನಿ, ಅವರ ಲೆಕ್ಕ. ಟಾಯ್ಲೆಟ್ ಖಾಲಿ ಮಾಡದೆ ತಂದರೆ ಎಷ್ಟು, ಒಳಗೆ ಸೇದಿದರೆ ಎಷ್ಟು, ಒಂದು ಗಂಟೆ ತಡವಾದರೆ ಎಷ್ಟು ಅಂತ ಅಂಕಿಯಲ್ಲಿ ಮೊದಲೇ ಬರೆದು ಸಹಿ ಹಾಕಿಸಿ. ಸಾಕುಪ್ರಾಣಿ ಬಿಡುತ್ತೀರಾ ಇಲ್ಲವಾ, ಮಣ್ಣು ದಾರಿಯಲ್ಲಿ ಹೋಗಬಹುದಾ, ಗಡಿ ದಾಟಬಹುದಾ, ಇದೂ ಇರಲಿ. ಠೇವಣಿ ಯಾವ ದಿನದೊಳಗೆ ವಾಪಸ್ ಅನ್ನುವುದನ್ನೂ ಬರೆಯಿರಿ. ನೀವು ಅವರಿಂದ ಶಿಸ್ತು ಕೇಳುವಾಗ ನಿಮ್ಮ ಕಡೆಯಿಂದಲೂ ಒಂದು ಗಡುವು ಇರಬೇಕು ಅಲ್ವಾ.

ಸಣ್ಣಪುಟ್ಟದ್ದಕ್ಕೆ ಠೇವಣಿ ಮುಟ್ಟಬೇಡಿ. ಒಂದು ಲೋಟ ಒಡೆದದ್ದಕ್ಕೆ ಹಣ ಹಿಡಿದುಕೊಂಡರೆ, ಮುಂದಿನ ಸಲ ಒಡೆದದ್ದನ್ನು ಯಾರೂ ಹೇಳುವುದಿಲ್ಲ.

ಗ್ರೀಸ್ ಕೈ

ಹೇರ್ ಡ್ರೈಯರ್ ಲೆಕ್ಕ ಹೀಗೆ. 1,500 ವ್ಯಾಟ್‌ನದ್ದು ಅನ್ನಿ. 12 ವೋಲ್ಟ್ ಬ್ಯಾಟರಿಯಿಂದ ಎಳೆದರೆ 1,500 ಭಾಗಿಸು 12, ಅಂದರೆ 125 ಆಂಪಿಯರ್. ನಿಮ್ಮದು 100 ಆಂಪಿಯರ್ ಅವರ್‌ನ ಲೆಡ್ ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಆಯಸ್ಸು ಕಡಿಮೆಯಾಗುತ್ತದೆ. ಉಳಿದದ್ದು 50 ಆಂಪಿಯರ್ ಅವರ್, 125ರಿಂದ ಭಾಗಿಸಿದರೆ 0.4 ಗಂಟೆ. ಕಾಗದದ ಮೇಲೆ 24 ನಿಮಿಷ. ನಿಜದಲ್ಲಿ ಇನ್ನೂ ಕಡಿಮೆ, ಯಾಕೆಂದರೆ ಇನ್ವರ್ಟರ್ ಸ್ವಲ್ಪ ತಿನ್ನುತ್ತದೆ, ಜೋರಾಗಿ ಎಳೆದರೆ ಬ್ಯಾಟರಿ ಕೊಡುವುದೂ ಕಡಿಮೆ. ಇಬ್ಬರು ತಲೆ ಒಣಗಿಸಿಕೊಂಡರೆ ರಾತ್ರಿಗೆ ದೀಪ ಇಲ್ಲ, ನೀರಿನ ಪಂಪ್ ಇಲ್ಲ. ಎರಡು ಗಂಟೆಗೆ ಅಲಾರಂ ಕೂಗುತ್ತದೆ, ಅಕ್ಕನಿಗೆ ಆದ ಹಾಗೆ. ಹೊರಗಿನ ಕರೆಂಟ್ ಸಿಕ್ಕಿಸಿದಾಗ ಮಾತ್ರ ಅಂತ ಹೇಳಿ.

ಬ್ಯಾಟರಿಯ ವೋಲ್ಟ್ ಮೀಟರ್ ಓದುವುದನ್ನೂ ಕಲಿಸಿ. ಏನೂ ಎಳೆಯದೆ, ಚಾರ್ಜೂ ಆಗದೆ ಸ್ವಲ್ಪ ಹೊತ್ತು ಬಿಟ್ಟಾಗ 12.7 ತೋರಿಸಿದರೆ ತುಂಬಿದೆ. 12.2 ಆದರೆ ಅರ್ಧ, ಅಲ್ಲಿಗೆ ನಿಲ್ಲಿಸಿ. ಲಿಥಿಯಂ ಬ್ಯಾಟರಿಗೆ ಈ ಅಂಕಿ ನಡೆಯುವುದಿಲ್ಲ.

ಗ್ಯಾಸಿನಲ್ಲೂ ನಡೆಯುವ ಫ್ರಿಜ್ ಇದ್ದರೆ ಹಿಂದಿನ ರಾತ್ರಿಯೇ ಆನ್ ಮಾಡಿ ಇಡಿ, ತಣ್ಣಗಾಗಲು ಗಂಟೆಗಟ್ಟಲೆ ಬೇಕು. ಗಾಡಿ ವಾಲಿ ನಿಂತರೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಯಾಕೆಂದರೆ ಒಳಗಿನ ದ್ರವ ಪೈಪಿನ ಇಳಿಜಾರಿನಲ್ಲಿ ತಾನಾಗೇ ಹರಿಯಬೇಕು, ವಾಲಿದರೆ ಆ ಹರಿವು ನಿಲ್ಲುತ್ತದೆ. "ಫ್ರಿಜ್ ಕೆಟ್ಟಿದೆ" ಅಂತ ಬರುವ ಫೋನಿನಲ್ಲಿ ಮೊದಲು ಕೇಳಬೇಕಾದದ್ದು ಗಾಡಿ ಸಮ ನಿಂತಿದೆಯಾ ಅಂತ.

ಗಾಲಿಮನೆ (ನಾಲ್ಕು ತಿಂಗಳ ನಂತರ)

ಎಲ್ಲರಿಗೂ ಹೇಳಲೇಬೇಕು ಅನಿಸಿತು. ಮೊದಲ ಬಾಡಿಗೆ ಆಯಿತು. ಸಾಲ ಕೊಟ್ಟವರ ಒಪ್ಪಿಗೆ ಪತ್ರ ಬರಲು ಏಳು ವಾರ ಹಿಡಿಯಿತು, ಅದಕ್ಕೇ ಇಷ್ಟು ತಡ. ವಿಮೆ ಬೇರೆಯೇ ತೆಗೆದುಕೊಂಡೆವು.

ಬಂದವರು ಗಂಡ ಹೆಂಡತಿ ಮತ್ತು ಒಬ್ಬ ಮಗಳು, ಆರು ರಾತ್ರಿ. ಒಂದೂವರೆ ಗಂಟೆ ಅಂದುಕೊಂಡದ್ದು ಎರಡು ಗಂಟೆ ಆಯಿತು. ಬಕೆಟ್ ಉರುಳಿತು, ಎರಡು ಸಲ. ಗಂಡಸು ನೀರು ಮತ್ತು ಡೀಸೆಲ್ ಮುಚ್ಚಳದ ಚೀಟಿ ನೋಡಿ "ಇದು ಒಳ್ಳೆಯದು, ಇಲ್ಲದಿದ್ದರೆ ನಾನೇ ತಪ್ಪುತ್ತಿದ್ದೆ" ಅಂದರು. ಬಾಗಿಲ ಹಿಂದಿನ ಹಾಳೆಯನ್ನು ನನ್ನ ಹೆಂಡತಿಯೇ ಬರೆದಳು. ಮೇಡಂ ಹೇಳಿದ ಹಾಗೆ, ಮೊದಲ ಸಾಲು "ಗ್ಯಾಸ್ ಅಲಾರಂ ಕೂಗಿದರೆ ಎಲ್ಲರೂ ಹೊರಗೆ, ಆಮೇಲೆ ಫೋನು, ಯಾವ ಹೊತ್ತಾದರೂ ಸರಿ."

ಮೂರನೇ ರಾತ್ರಿ ಹನ್ನೊಂದಕ್ಕೆ ಫೋನು ಬಂತು. ಇಬ್ಬರೂ ಹಾರಿ ಎದ್ದೆವು. ನೀರಿನ ಪಂಪ್ ಬಿಟ್ಟು ಬಿಟ್ಟು ಟರ್ ಅನ್ನುತ್ತಿದೆ, ಯಾರೂ ನಲ್ಲಿ ತಿರುಗಿಸಿಲ್ಲ ಅಂದರು. ಎಲ್ಲೋ ಸೋರುತ್ತಿರಬೇಕು, ಪಂಪಿನ ಸ್ವಿಚ್ ಆಫ್ ಮಾಡಿ ಮಲಗಿ ಅಂದೆ. ಬೆಳಿಗ್ಗೆ ಅವರೇ ಹುಡುಕಿದರು. ಶವರಿನ ನಲ್ಲಿ ಪೂರ್ತಿ ಮುಚ್ಚಿರಲಿಲ್ಲ, ಹನಿ ಹನಿ ಬೀಳುತ್ತಿತ್ತು. ಅಷ್ಟೇ.

ವಾಪಸ್ ತಂದಾಗ ಒಂದು ತಟ್ಟೆ ಒಡೆದಿತ್ತು, ಅವರೇ ಮೊದಲು ಹೇಳಿದರು. ಹಿಂದಿನ ಬಂಪರ್ ಮೂಲೆಯಲ್ಲಿ ಅಂಗೈ ಉದ್ದದ ಗೀರು. ಅದನ್ನೂ ಅವರೇ ತೋರಿಸಿದರು. ವಿಡಿಯೋ ತೆಗೆದು ನೋಡಿದರೆ ಆ ಗೀರು ಹೋಗುವ ಮೊದಲೇ ಇತ್ತು! ನಾನೇ ಯಾವಾಗಲೋ ಉಜ್ಜಿದ್ದು. ವಿಡಿಯೋ ಇಲ್ಲದಿದ್ದರೆ ಅವರ ಹಣ ಹಿಡಿದುಕೊಳ್ಳುತ್ತಿದ್ದೆನೇನೋ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಠೇವಣಿ ಪೂರ್ತಿ ಅಲ್ಲೇ ಕೊಟ್ಟೆ.

ಇನ್ನೂ ಎರಡು ಬುಕಿಂಗ್ ಒಪ್ಪಿಕೊಂಡಿದ್ದೇವೆ. ಮಕ್ಕಳ ರಜೆಯ ಮೂರು ವಾರ ಕ್ಯಾಲೆಂಡರಿನಲ್ಲಿ ಮುಚ್ಚಿದ್ದೇವೆ. ಅದನ್ನು ಮಾಡಿದ್ದು ಹೆಂಡತಿ.

ಬಾಡಿಗೆಗೆ ಹೋದವಳು

ಓದಿ ಕಣ್ಣು ತುಂಬಿತು ಸರ್. ಆ ಬಾಗಿಲು ಏನಾಯಿತು?

ಗಾಲಿಮನೆ

ನಮ್ಮ ಮಲಗುವ ಕೋಣೆಯಲ್ಲಿ ಗೋಡೆಗೆ ಒರಗಿಸಿ ಇಟ್ಟಿದ್ದೇವೆ ಮೇಡಂ. ಹೊರಡುವ ಹಿಂದಿನ ದಿನ ಕೂರಿಸಬೇಕು. ಚಿಕ್ಕವನು ಈಗಲೇ ಅದರ ಪಕ್ಕ ನಿಂತು ನೋಡುತ್ತಾನೆ, ಆದರೆ ಗಾಡಿಯಲ್ಲಿ ಮಾತ್ರ ಗುರುತು ಹಾಕುವುದು ಅಂತ ಅಕ್ಕ ತಮ್ಮ ಇಬ್ಬರೂ ಸೇರಿ ತೀರ್ಮಾನ ಮಾಡಿದ್ದಾರೆ.

ಗ್ರೀಸ್ ಕೈ

ಸರ್, ಶವರಿನ ನಲ್ಲಿಯ ವಾಷರ್ ಒಮ್ಮೆ ನೋಡಿಬಿಡಿ. ಪೂರ್ತಿ ತಿರುಗಿಸಿ ಮುಚ್ಚಿದರೂ ಹನಿಸುತ್ತಿದ್ದರೆ ಅವರು ಮರೆತದ್ದಲ್ಲ, ವಾಷರ್ ಹೋಗಿರಬಹುದು. ಹಾಗಿದ್ದರೆ ಮುಂದಿನವರು ಹೊರಡುವ ಮೊದಲು ಬದಲಾಯಿಸಿ.